ಮೂರನೇ ಕೂಗು
(ಸಿನಿಮಾ ಹಿನ್ನೆಲೆ ಸಂಗೀತ ಕೇಳುವ ಗೆಳೆಯರ ಕೂಟದಲ್ಲಿ ಆಡಿದ ಮಾತು)

ಗೆಳೆಯರೇ,

ಹೋದ ತಿಂಗಳು ಇದೇ ಹಾಲ್‌ನಲ್ಲಿ ಎಂದಿನಂತೆ ನಮ್ಮ ಸುತ್ತು ಶುರುವಾಯಿತು. "ಈ ತಿಂಗಳು ಏನು ಕೇಳಿದಿರಿ?" ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಮೂರನೇ ಸಾಲಿನ ಯಜಮಾನರ ಸರದಿ ಬಂತು. ಎದ್ದು ನಿಂತು ಒಂದು ಸಿನಿಮಾ ಹೆಸರು ಹೇಳಿದರು. ಆಮೇಲೆ, "ಅದರಲ್ಲಿ ಅವನು ಬಸ್ಸಿಂದ ಇಳೀತಾನಲ್ಲ, ಆಗ ಬರುತ್ತಲ್ಲ..." ಅಂದವರು ಅಲ್ಲಿಗೇ ನಿಂತುಬಿಟ್ಟರು. ಕೈ ಗಾಳಿಯಲ್ಲಿ ಎರಡು ಸಲ ಆಡಿತು. ಕೊನೆಗೆ ಕಣ್ಣು ಮುಚ್ಚಿ "ಲಲ ಲಾ... ಲಲ" ಅಂತ ಗುನುಗಿದರು. ಶ್ರುತಿ ಎಲ್ಲೋ, ಅವರೆಲ್ಲೋ. ಆದರೂ ಹಾಲ್‌ನಲ್ಲಿ ಅರ್ಧ ಜನ "ಹಾಂ ಹಾಂ, ಅದಾ!" ಅಂದರು. ಇನ್ನರ್ಧ ಜನ ಪಕ್ಕದವರ ಮುಖ ನೋಡಿದರು. ನಾನು ಪಕ್ಕದವರ ಮುಖ ನೋಡಿದವರ ಪೈಕಿ.

ಇವತ್ತು ನಾನು ಮಾತಾಡಬೇಕು ಅಂತ ಬಂದಿರೋದು ಆ ಗಾಳಿಯಲ್ಲಿ ಆಡಿದ ಕೈ ಬಗ್ಗೆ. ಹಾಡಿಗೆ ಹೆಸರಿದೆ. ಪಲ್ಲವಿಯ ಮೊದಲ ಮೂರು ಪದ ಹೇಳಿದರೆ ಸಾಕು, ಬೀದರಿನವರಿಗೂ ಗೊತ್ತಾಗುತ್ತೆ, ಚಾಮರಾಜನಗರದವರಿಗೂ ಗೊತ್ತಾಗುತ್ತೆ. ಹಿನ್ನೆಲೆ ಸಂಗೀತಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ಮಗುವನ್ನು ಜಾತ್ರೆಯಲ್ಲಿ ಕಳೆದುಕೊಂಡರೆ ಹೇಗೆ ಕೂಗಿ ಕರೀತೀರಿ? ಅದಕ್ಕೇ ನಾನು ಹೇಳೋದು, ಹೆಸರಿಡಿ. ಈ ಮಾತನ್ನು ಇವತ್ತು ನಾಲ್ಕೈದು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಅಧ್ಯಕ್ಷರು ನಲವತ್ತು ನಿಮಿಷ ಕೊಟ್ಟಿದ್ದಾರೆ. ಕೆಳಗೆ ಬೋಂಡಾ ಕರಿಯುವ ವಾಸನೆ ಬರುತ್ತಾ ಇದೆ, ಹಾಗಾಗಿ ಮೂವತ್ತೈದು ಅಂತಲೇ ಇಟ್ಟುಕೊಳ್ಳೋಣ.

ಮೊದಲನೆಯದು, ಈ ಸಂಗೀತ ಹೇಗೆ ಹುಟ್ಟುತ್ತಿತ್ತು ಅನ್ನೋದು. ನಿಮಗೆ ಗೊತ್ತಿರೋದೇ. ಶೂಟಿಂಗ್, ಎಡಿಟಿಂಗ್, ಡಬ್ಬಿಂಗ್ ಎಲ್ಲ ಮುಗಿದು ಬಿಡುಗಡೆಗೆ ಪೋಸ್ಟರ್ ಅಂಟಿಸುವ ಹೊತ್ತಿಗೆ ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ ತುಂಬುವ ಕೆಲಸ. ಶಂಕರ್‌ನಾಗ್ ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೋ ಕಟ್ಟುವವರೆಗೆ ಈ ಕೆಲಸಕ್ಕೆ ನಮ್ಮವರು ಹೆಚ್ಚಾಗಿ ಮದ್ರಾಸಿಗೇ ಓಡಬೇಕಿತ್ತು. ಎದುರಿಗೆ ಪರದೆ ಮೇಲೆ ರೀಲು ಓಡುತ್ತೆ. ಒಂದು ರೀಲು ಅಂದರೆ 1000 ಅಡಿ, ಸುಮಾರು 11 ನಿಮಿಷ. ಕೆಳಗೆ ವಾದ್ಯದವರು ಕೂತು ಪರದೆ ಜೊತೆಗೇ ನುಡಿಸಬೇಕು. ನಾಯಕಿ ಕಣ್ಣೀರು ಹಾಕುವಾಗ ಪಿಟೀಲಿನವರು ಒಬ್ಬರು ಕೆಮ್ಮಿದರೆ ಆ ಕಣ್ಣೀರು ಮತ್ತೆ ಮೊದಲಿಂದ.

ಹಾಲಿವುಡ್‌ನಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಮೊದಲ ರೀಲಿನ ಮೊದಲ ತುಣುಕಿಗೆ 'ಒನ್ ಎಂ ಒನ್', ಎರಡನೆಯದಕ್ಕೆ 'ಒನ್ ಎಂ ಟೂ'. ಸ್ವರ ಬರೆದ ಹಾಳೆ ಮೇಲೇ ಗುರುತು. ಆಮೇಲೆ ಅದೇ ರೆಕಾರ್ಡ್ ಆಗಿ ಬರುವಾಗ ಒಂದೊಂದಕ್ಕೂ ಶೀರ್ಷಿಕೆ. ಹಾಗಾಗಿ ಅಲ್ಲಿಯ ಕೇಳುಗರು ಕೂತು ಜಗಳ ಆಡಬಹುದು, "ಆ ಆಲ್ಬಂನ ನಾಲ್ಕನೆಯದು ಚೆನ್ನಾಗಿದೆ, ಏಳನೆಯದು ಸುಮ್ನೆ ಎಳೆದಿದ್ದಾರೆ" ಅಂತ. ನಾವು ಜಗಳ ಆಡಬೇಕಾದರೆ ಮೊದಲು ಹಾಡಿ ತೋರಿಸಬೇಕು. ನಮ್ಮ ಕೂಟದ ಕೆಲವರ ಹಾಡು ಕೇಳಿದ ಮೇಲೆ ಜಗಳದ ಉತ್ಸಾಹವೇ ಹೊರಟುಹೋಗುತ್ತೆ.

ನಮ್ಮಲ್ಲಿ ತಟ್ಟೆಯಲ್ಲಿ, ಕ್ಯಾಸೆಟ್ಟಿನಲ್ಲಿ ಬಂದದ್ದು ಹಾಡು ಮಾತ್ರ. ಹಿನ್ನೆಲೆ ಸಂಗೀತ ಮಾತಿನ ಜೊತೆ, ಬಾಗಿಲು ಬಡಿಯೋ ಸದ್ದಿನ ಜೊತೆ ಕಲಸಿಹೋಗಿ ಫಿಲಂನಲ್ಲೇ ಉಳಿಯಿತು. ಅನ್ನಕ್ಕೆ ಸಾರು ಕಲಸಿದ ಮೇಲೆ ಸಾರನ್ನು ಬೇರೆ ಮಾಡಿ ಕೊಡಿ ಅಂದರೆ ಯಾರು ಕೊಡ್ತಾರೆ?

ನಾನು ಕೇಳಿದ್ದೆ. ಅದೇ ಈಗ ಹೇಳೋಕೆ ಹೊರಟ ಕಥೆ. ನಮ್ಮ ಹಳೆಯ ಸದಸ್ಯರು ಇದನ್ನು ಮೊದಲೇ ಕೇಳಿದ್ದಾರೆ, ಅವರು ಬೇಕಾದರೆ ಕೆಳಗೆ ಹೋಗಿ ಕಾಫಿ ಕುಡಿದು ಬನ್ನಿ.

ಎಂಬತ್ತರ ದಶಕದ ಕೊನೆ. ನಾನು ಹೈಸ್ಕೂಲು. ಟಿವಿಯಲ್ಲಿ ಒಂದು ಸಂಜೆ 'ಪಲ್ಲವಿ ಅನುಪಲ್ಲವಿ' ಹಾಕ್ತಾರೆ ಅಂತ ಗೊತ್ತಾಯಿತು. 1983ರ ಚಿತ್ರ, ಮಣಿರತ್ನಂ ಅವರ ಮೊದಲನೆಯದು, ಅದೂ ಕನ್ನಡದಲ್ಲಿ. ಸಂಗೀತ ಇಳಯರಾಜ. ಹಾಡಿನ ಕ್ಯಾಸೆಟ್ಟು ಮನೆಯಲ್ಲಿತ್ತು. ನನಗೆ ಬೇಕಿದ್ದದ್ದು ಹಾಡಿನ ಆಚೆಯದು. ಆ ಧಾಟಿ ಚಿತ್ರದ ಉದ್ದಕ್ಕೂ ಬೇರೆ ಬೇರೆ ವೇಷದಲ್ಲಿ ಬಂದು ಹೋಗುತ್ತಲ್ಲ, ಅದು. ಅಪ್ಪನ ಟೇಪ್‌ರೆಕಾರ್ಡರ್ ತಂದು ಟಿವಿ ಸ್ಪೀಕರಿನ ಮುಂದೆ ಸ್ಟೂಲ್ ಮೇಲೆ ಇಟ್ಟೆ. ಕೆಳಗೊಂದು ಟರ್ಕಿ ಟವೆಲ್ ಹಾಸಿದೆ, ಕಂಪನ ಬರಬಾರದು ಅಂತ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಮನೆಯವರಿಗೆಲ್ಲ ಆಜ್ಞೆ: ಯಾರೂ ಉಸಿರೆತ್ತಬಾರದು.

ತಂಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಳು, ನಗು ತಡೆಯೋಕೆ. ಅಪ್ಪ ಪೇಪರ್ ಮಡಿಚಿದರು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಆಜ್ಞೆ ಅವರಿಗೆ ತಲುಪಿರಲಿಲ್ಲ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ, ಪಿಟೀಲುಗಳು ಈಗ ತಾನೇ ಎದ್ದು ನಿಲ್ಲುತ್ತಿವೆ, ಅಜ್ಜಿ ಇಡೀ ಬೀದಿಗೆ ಕೇಳುವ ಹಾಗೆ, "ಇವಳು ಲಕ್ಷ್ಮಿ ಅಲ್ವೇನೋ?" ಅಂದರು. ನಾನು ಕೈ ಮುಗಿದೆ. "ಲಕ್ಷ್ಮಿನೇ ಕಣೋ, ಆ ಹುಡುಗ ಯಾರು?" ಅಂದರು. ಆ ಹುಡುಗ ಅನಿಲ್ ಕಪೂರ್. ಹೇಳೋ ಹಾಗಿಲ್ಲ, ಟೇಪು ಓಡುತ್ತಾ ಇದೆ. ನಾನು ಉತ್ತರ ಕೊಡದೇ ಇದ್ದದ್ದಕ್ಕೆ ಅಜ್ಜಿಗೆ ಕೋಪ ಬಂತು. ಆ ಕೋಪವೂ ಟೇಪಿನಲ್ಲಿದೆ.

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಕುಕ್ಕರ್. ಅಮ್ಮನಿಗೆ ಹೇಳಿದ್ದೆ, ಕುಕ್ಕರ್ ಇಡಬೇಡ ಅಂತ. "ಬೇಳೆ ಬೇಯೋದು ಬೇಡವಾ ಹಾಗಾದ್ರೆ?" ಅಂದಿದ್ದರು. ಮೊದಲನೇ ಕೂಗು ಮಾತಿನ ಮೇಲೆ ಬಿತ್ತು, ಹಾಳಾಗಿ ಹೋಗಲಿ ಅಂದುಕೊಂಡೆ. ಎರಡನೆಯದು ಕಾರಿನ ಹಾರನ್ ಜೊತೆ ಸೇರಿಹೋಯಿತು. ಮೂರನೆಯದು ಮಾತ್ರ ಸರಿಯಾಗಿ, ನಾನು ಇಡೀ ಸಂಜೆ ಕಾದು ಕೂತಿದ್ದ ಆ ತುಣುಕು ಶುರುವಾಗೋಕೆ ಮುಂಚಿನ ಒಂದು ಕ್ಷಣದ ಮೌನದಲ್ಲಿ ಬಂತು. ಕುಕ್ಕರ್ ಕೂಗಿತು, ಪಿಟೀಲು ಎದ್ದಿತು. ಗುರುಗಳು ಶ್ರುತಿ ಕೊಟ್ಟ ಹಾಗೆ.

ಅರವತ್ತು ನಿಮಿಷದ ಕ್ಯಾಸೆಟ್ಟು. ಬದಿ ತಿರುಗಿಸುವಾಗ ಒಂದು ಒಳ್ಳೆಯ ಭಾಗ ಹೋಯಿತು. ಮುಂದೆ ಅದು ಮುಗಿದೇಹೋಯಿತು, ಸಿನಿಮಾ ಮುಗಿಯಲಿಲ್ಲ. ಆ ಟೇಪನ್ನು ಕಾಲೇಜು ಮುಗಿಯುವವರೆಗೆ ಕೇಳಿದೆ. ಆಮೇಲೆ ಸಿಡಿ ಬಂತು, ಮತ್ತೊಂದು ಬಂತು, ಅದೇ ಚಿತ್ರ ಅಜ್ಜಿ ಇಲ್ಲದೆ, ಕುಕ್ಕರ್ ಇಲ್ಲದೆ ಸಿಕ್ಕಿತು. ಕೇಳಿದರೆ ಆ ಜಾಗದಲ್ಲಿ ಏನೋ ಕಡಿಮೆ. ಶ್ರುತಿ ಕೊಡದೇ ಕಛೇರಿ ಶುರು ಮಾಡಿದ ಹಾಗೆ. ನಮ್ಮ ಮನೆಯಲ್ಲಿ ಆ ತುಣುಕಿಗೆ ಇವತ್ತಿಗೂ 'ಮೂರನೇ ಕೂಗು' ಅಂತಲೇ ಹೆಸರು. ತಂಗಿ ಫೋನ್ ಮಾಡಿ, "ಅಣ್ಣಾ, ಇವತ್ತು ಮೂರನೇ ಕೂಗು ಕೇಳಿದೆ" ಅಂದರೆ ನನಗೆ ಪೂರ್ತಿ ಗೊತ್ತಾಗುತ್ತೆ. ಹೆಸರು ಅಂದರೆ ಇಷ್ಟೇ ಕೆಲಸ ಮಾಡೋದು.

ಇದೇ ಧಾಟಿಯನ್ನು ಆಮೇಲೆ ಐಡಿಯಾ ಮೊಬೈಲ್ ಕಂಪನಿ ಜಾಹೀರಾತಿಗೆ ಬಳಸಿತು. ಒಂದು ಇಡೀ ತಲೆಮಾರಿಗೆ ಅದು 'ಐಡಿಯಾ ಟ್ಯೂನ್'. ನೋಡಿ, ನಾವು ಹೆಸರಿಡಲಿಲ್ಲ, ಸಿಮ್ ಮಾರುವವರು ಇಟ್ಟರು.

ಒಂದೇ ಒಂದು ಧಾಟಿ ಮಾತ್ರ ಗುನುಗೇ ಹೆಸರಾಗಿ ಗೆದ್ದಿದೆ. 'ಮಾಲ್ಗುಡಿ ಡೇಸ್'. ಎಲ್. ವೈದ್ಯನಾಥನ್ ಮಾಡಿದ್ದು. "ತಾನ ನಾ ತನನಾ" ಅಂದರೆ ಸಾಕು, ಆಗುಂಬೆಯ ಮನೆ ಕಣ್ಣ ಮುಂದೆ ಬರುತ್ತೆ. ಹಿಂದಿನ ಸಾಲಿನಲ್ಲಿ ಯಾರೋ ಅಂದರು, ಅದು ಸಿನಿಮಾ ಅಲ್ಲ, ಧಾರಾವಾಹಿ ಅಂತ. ಗೊತ್ತು ಸ್ವಾಮಿ. ಧಾರಾವಾಹಿ ಆಗಿದ್ದಕ್ಕೇ ಗೆದ್ದದ್ದು. ಮತ್ತೆ ಮತ್ತೆ ಬಂದು ಬಾಗಿಲು ತಟ್ಟಿತು. ಸಿನಿಮಾದ ತುಣುಕಿಗೆ ಆ ಭಾಗ್ಯ ಇಲ್ಲ.

ಇನ್ನು ನಮ್ಮ ಕೂಟದ ಹಳೇ ಜಗಳಕ್ಕೆ ಬರ್ತೀನಿ. ಚಿತ್ರ ನೋಡದೆ ಬರೀ ಸಂಗೀತ ಕೇಳೋದು ಸರಿಯಾ? ನಮ್ಮ ಖಜಾಂಚಿಗಳು ಯಾವಾಗಲೂ ಹೇಳ್ತಾರೆ, "ಅದು ಸಾರಿಲ್ಲದ ಮುದ್ದೆ" ಅಂತ. ನನಗೆ ಅರ್ಧ ಒಪ್ಪಿಗೆ. 'ಚೋಮನ ದುಡಿ' ತಗೊಳ್ಳಿ. 1975. ನಿರ್ದೇಶನವೂ ಬಿ.ವಿ. ಕಾರಂತರದ್ದೇ, ಸಂಗೀತವೂ ಅವರದ್ದೇ. ಅಲ್ಲಿ ದುಡಿ ಹಿನ್ನೆಲೆಯೋ ಮುನ್ನೆಲೆಯೋ? ಚೋಮ ಬಾರಿಸ್ತಾ ಇದ್ದಾನೆ, ನಮಗೆ ಕಾಣ್ತಾ ಇದೆ. ಅವನಿಗೆ ಮಾತಿನಲ್ಲಿ ಹೇಳೋಕಾಗದ್ದೆಲ್ಲ ಆ ಚರ್ಮದ ಮೇಲೆ ಬೀಳುತ್ತೆ. ವಾಸುದೇವ ರಾಯರ ಮುಖ ತೆಗೆದು ಬರೀ ದುಡಿ ಕೇಳಿಸಿದರೆ ಏನು ಉಳಿಯುತ್ತೆ ಅಂತ ಖಜಾಂಚಿಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಕಣ್ಣು ಮುಚ್ಚಿ ಕೇಳಿದೆ. ಉಳಿಯುತ್ತೆ. ಬೇರೆ ಏನೋ ಉಳಿಯುತ್ತೆ. ಕಣ್ಣು ಬಿಟ್ಟಾಗ ಅದು ಚೋಮನ ಸಿಟ್ಟು. ಮುಚ್ಚಿದಾಗ ಯಾರ ಸಿಟ್ಟೋ ಗೊತ್ತಾಗಲ್ಲ, ಜಾಸ್ತಿ ಹೆದರಿಕೆ ಆಗುತ್ತೆ.

ಕಾರಂತರಿಗೆ 'ಋಷ್ಯಶೃಂಗ'ಕ್ಕೂ 'ಘಟಶ್ರಾದ್ಧ'ಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಆಗ ಹಾಡಿಗೂ ಹಿನ್ನೆಲೆಗೂ ಸೇರಿ ಒಂದೇ ಪ್ರಶಸ್ತಿ. 2009ರ ಚಿತ್ರಗಳಿಂದ ಈಚೆಗೆ ಹಿನ್ನೆಲೆಗೇ ಬೇರೆ ಪ್ರಶಸ್ತಿ ಕೊಡ್ತಾ ಬಂದಿದ್ದಾರೆ. ಆ ವರ್ಷ 'ಪಳಸ್ಸಿರಾಜ'ಕ್ಕೆ ಇಳಯರಾಜ ತಗೊಂಡರು. ಪ್ರಶಸ್ತಿ ಕೊಡುವವರೂ ಕೊನೆಗೆ ಇದಕ್ಕೊಂದು ಹೆಸರಿಟ್ಟರು, ನಾವೇ ಇನ್ನೂ ಇಟ್ಟಿಲ್ಲ. ಇದು ಎಷ್ಟನೇ ಸಲ? ಲೆಕ್ಕ ಇಟ್ಟುಕೊಂಡವರು ಕೈ ಎತ್ತಿ. ಸರಿ.

'ಘಟಶ್ರಾದ್ಧ'ವನ್ನು ಹೊಸದಾಗಿ ಸರಿಪಡಿಸಿದ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಲ್ಲರೂ ಚಿತ್ರ ಎಷ್ಟು ಸ್ವಚ್ಛ ಆಗಿದೆ ಅಂತ ಮಾತಾಡಿದರು. ನನ್ನ ಕಿವಿ ನೆಟ್ಟಗಾದದ್ದು ಸದ್ದಿನ ವಿಷಯಕ್ಕೆ. ಹಳೆಯ ಚಿತ್ರದ ಗೀರು ತೆಗೆಯುವಾಗ ಸಂಗೀತದ ಮೇಲಿನ ಧೂಳೂ ಹೋಗುತ್ತಲ್ವಾ?

ಚಿತ್ರ ಮೊದಲೋ ಸಂಗೀತ ಮೊದಲೋ ಅನ್ನೋದಕ್ಕೆ ಇನ್ನೊಂದು ಉದಾಹರಣೆ ನಮ್ಮವರದ್ದೇ ಇದೆ. ರಾಜೀವ ತಾರಾನಾಥರು. ಸರೋದ್, ಇಂಗ್ಲಿಷ್ ಪಾಠ, ಅಲಿ ಅಕ್ಬರ್ ಖಾನ್ ಅವರ ಶಿಷ್ಯ. 1970ರ 'ಸಂಸ್ಕಾರ'ಕ್ಕೆ ಸಂಗೀತ ಅವರದ್ದು. ಮಲಯಾಳದ ಅರವಿಂದನ್ 'ಪೋಕ್ಕುವೆಯಿಲ್' ಮಾಡುವಾಗ ಇವರ ಸರೋದ್ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲನ್ನು ಇಟ್ಟುಕೊಂಡು, ಆ ಸಂಗೀತಕ್ಕೆ ತಕ್ಕ ಹಾಗೆ ದೃಶ್ಯ ಹೆಣೆದರು. ಅಲ್ಲಿ ಸಂಗೀತವೇ ಮುದ್ದೆ, ಚಿತ್ರವೇ ಸಾರು. ಖಜಾಂಚಿಗಳೇ, ಇದಕ್ಕೇನಂತೀರಿ?

ವಿಜಯಭಾಸ್ಕರ್ ಬಗ್ಗೆ ಹತ್ತು ನಿಮಿಷ ಅಂತ ಬರೆದುಕೊಂಡಿದ್ದೆ. ಅಧ್ಯಕ್ಷರ ಚೀಟಿ ಬಂತು. ಒಂದೇ ಮಾತು ಹೇಳ್ತೀನಿ. ಪುಟ್ಟಣ್ಣನವರ 'ನಾಗರಹಾವು' ಹಾಡುಗಳಿಗಾಗಿ ನಾವು ಇವರನ್ನು ನೆನೀತೀವಿ. ಅಡೂರ್ ಗೋಪಾಲಕೃಷ್ಣನ್ 'ಮದಿಲುಗಳ್', 'ವಿಧೇಯನ್' ಥರದ ಚಿತ್ರಗಳಿಗೆ ಕರೆದದ್ದೂ ಇವರನ್ನೇ. ಅಂದರೆ ಕೇರಳದವರು ಕೇಳಿಸಿಕೊಂಡದ್ದು ನಮ್ಮವರ ಇನ್ನೊಂದು ಕೈಯನ್ನು. ನಮ್ಮ ಕಿವಿ ಹಾಡು ಮುಗಿದ ಕೂಡಲೇ ಎದ್ದು ಹೊರಗೆ ಹೋಗಿರುತ್ತೆ, ಕಡಲೆಕಾಯಿ ತರೋಕೆ.

ಜಿ.ಕೆ. ವೆಂಕಟೇಶ್ ಕೂಡ ಇದ್ದಾರೆ ಪಟ್ಟಿಯಲ್ಲಿ. 1968ರ 'ಜೇಡರ ಬಲೆ', ರಾಜ್‌ಕುಮಾರ್ ಸಿಐಡಿ 999 ಆಗಿ ಬಂದ ಚಿತ್ರ, ಅದರ ಸಂಗೀತ ಇವರದ್ದು. ಅವರ ಹತ್ತಿರ ಸಹಾಯಕರಾಗಿ ಕೂತು ಕೆಲಸ ಕಲಿತವರು ಮುಂದೆ ಇಳಯರಾಜ ಆದರು. ಇದನ್ನು ಬೇರೆ ದಿನ ಹೇಳ್ತೀನಿ.

ಇವತ್ತಿನವರಿಗೆ ಬರ್ತೀನಿ, ಇಲ್ಲದಿದ್ದರೆ ಮುಂದಿನ ಸಾಲಿನ ಹುಡುಗರು ನನ್ನ ಮೇಲೆ ಮುನಿಸಿಕೊಳ್ತಾರೆ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್‌ಗೆ ಬಿಜಿಎಂ ಅನ್ನೋ ಪದ ಇವರದ್ದು. ನನಗೆ ಮೊದಲು ಸೇರ್ತಾ ಇರಲಿಲ್ಲ, ಯಾವುದೋ ಔಷಧಿ ಹೆಸರಿನ ಹಾಗಿದೆ. ಆದರೆ ಒಪ್ಪಬೇಕು, ನಾವು ಮಾಡದ್ದನ್ನು ಇವರು ಮಾಡಿದರು. ತುಣುಕು ಕತ್ತರಿಸಿ, ಹೆಸರು ಕೊಟ್ಟು, ರಿಂಗ್‌ಟೋನ್ ಮಾಡಿ, ಒಬ್ಬರಿಗೊಬ್ಬರು ಕಳಿಸಿದರು. ರವಿ ಬಸ್ರೂರು 'ಕೆಜಿಎಫ್'ಗೆ ಮಾಡಿದ್ದನ್ನು ಥಿಯೇಟರಿನಲ್ಲಿ ಕೇಳಿ ನಾನು ಎರಡು ದಿನ ಬೈದಿದ್ದೆ. ಎದೆ ಮೇಲೆ ಕೂತು ಹೊಡೆದ ಹಾಗಿತ್ತು. ಒಬ್ಬ ಹುಡುಗ ಇಯರ್‌ಫೋನ್ ಕೊಟ್ಟು, "ಸರ್, ಸಣ್ಣಗೆ ಇಟ್ಟು ಕೇಳಿ" ಅಂದ. ಕೇಳಿದೆ. ಆ ಗದ್ದಲದ ಕೆಳಗೆ ತಾಯಿ ಇರುವ ಕಡೆ ಎಲ್ಲ ಒಂದು ಮೆತ್ತನೆಯ ಎಳೆ ಇದೆ. ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಇನ್ನೂ ನನ್ನ ಹತ್ತಿರವೇ ಇದೆ.

'ಕಾಂತಾರ'ದ ಆ ಕೂಗು ಸಂಗೀತವಾ ಶಬ್ದವಾ ಅಂತ ಇಲ್ಲಿ ಆದ ಜಗಳ ನಿಮಗೆ ನೆನಪಿರಬಹುದು. ಅಜನೀಶ್ ಲೋಕನಾಥ್ ಅವರ ಪಾಲೆಷ್ಟು, ಕರಾವಳಿಯ ದೈವದ ಪಾಲೆಷ್ಟು ಅಂತ ರಾತ್ರಿ ಹತ್ತಾದರೂ ಮುಗಿಯಲಿಲ್ಲ, ಕಾವಲುಗಾರ ಬಂದು ದೀಪ ಆರಿಸಿದ. ಆವತ್ತು ಯಾರೂ ಕೈ ಆಡಿಸಲಿಲ್ಲ ಗಮನಿಸಿದಿರಾ? "ಕಾಂತಾರದ ಕೂಗು" ಅಂದರೆ ಸಾಕಾಗಿತ್ತು. ಹೆಸರಿತ್ತು, ಜಗಳ ಆಯಿತು.

ಎರಡನೇ ಚೀಟಿ ಬಂತು. ನಾಲ್ಕನೆಯ ಅಂಶ ಮೌನದ ಬಗ್ಗೆ. ಅದನ್ನು ಹೇಳದೇ ಬಿಟ್ಟರೂ ನಡೆಯುತ್ತೆ. ಐದನೆಯದು ಕೆಲಸದ ಮಾತು. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ತಿಂಗಳು ಒಬ್ಬೊಬ್ಬರು ಒಂದು ತುಣುಕು ಬರೀರಿ. ಚಿತ್ರ, ವರ್ಷ, ಸಂಗೀತ ಯಾರದ್ದು, ಎಷ್ಟನೇ ನಿಮಿಷ, ಮತ್ತೆ ನೀವು ಇಟ್ಟ ಹೆಸರು. ಹೆಸರು ಚೆನ್ನಾಗಿರಬೇಕು ಅಂತೇನಿಲ್ಲ. ಮೂರನೇ ಸಾಲಿನ ಯಜಮಾನರು ಸಭೆಗೆ ಮುಂಚೆಯೇ ಮೊದಲ ಪುಟದಲ್ಲಿ ಬರೆದಿದ್ದಾರೆ: 'ಬಸ್ಸಿಂದ ಇಳಿದದ್ದು'. ನಿಮಿಷವನ್ನೂ ಹಾಕಿದ್ದಾರೆ. ಇವತ್ತು ರಾತ್ರಿ ಮನೆಗೆ ಹೋಗಿ ನಾನು ಕೇಳೋದು ಅದನ್ನೇ.

ಈಗ ಆ ಟೇಪು. ತಂದಿದ್ದೇನೆ, ಪ್ಲೇಯರನ್ನೂ ತಂದಿದ್ದೇನೆ, ಬೆಲ್ಟು ಸ್ವಲ್ಪ ಸಡಿಲ, ಹಾಗಾಗಿ ಇಳಯರಾಜರು ಅರ್ಧ ಮನೆ ಕೆಳಗಿನ ಶ್ರುತಿಯಲ್ಲಿ ಬರ್ತಾರೆ. ಹಿಂದಿನವರಿಗೆ ಕೇಳದಿದ್ದರೆ ಮುಂದೆ ಬನ್ನಿ. ಫ್ಯಾನ್ ಆಫ್ ಮಾಡಿ ಯಾರಾದರೂ. ಮೊದಲು ಅಜ್ಜಿ ಬರ್ತಾರೆ, ಲಕ್ಷ್ಮಿ ಅಂತ ಗೊತ್ತಿದ್ದರೂ ಯಾರೂ ಉತ್ತರ ಕೊಡಬೇಡಿ.