ಮುನ್ನೂರು ಜನರ ಸಭಾಂಗಣದ ಲೆಕ್ಕ

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಸಂಗೀತ ಕಾರ್ಯಕ್ರಮ ಮುಗಿದು ಕೇಳುಗರೆಲ್ಲ ಹೊರಟುಹೋದ ಮೇಲೆ ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ತಂಡದ ಟೂರ್ ಮ್ಯಾನೇಜರ್ ಒಂದು ಕಡೆ, ಸಭಾಂಗಣದವರು ಇನ್ನೊಂದು ಕಡೆ ಕುಳಿತು ಆ ರಾತ್ರಿಯ ಲೆಕ್ಕವನ್ನು ಚುಕ್ತಾ ಮಾಡುತ್ತಾರೆ. ಈ ವ್ಯವಹಾರದವರು ಅದನ್ನು ಸೆಟಲ್‌ಮೆಂಟ್ ಎನ್ನುತ್ತಾರೆ. ಸ್ವತಂತ್ರ ಸಂಗೀತ ಸಭಾಂಗಣಗಳ ಕಷ್ಟವನ್ನು ಕುರಿತ ಮಾತನ್ನು ನಾನು ಈ ಕೋಣೆಯಿಂದಲೇ ಆರಂಭಿಸುತ್ತೇನೆ. ದೊಡ್ಡ ಕಂಪನಿಗಳು ಚಿಕ್ಕವರನ್ನು ಹೇಗೆ ಬದಿಗೊತ್ತುತ್ತವೆ ಎಂಬುದು ಪತ್ರಿಕೆಗಳ ತಲೆಬರಹಕ್ಕಿಂತ ಆ ಒಂದು ಹಾಳೆಯ ಲೆಕ್ಕದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಬ್ರಿಟನ್ನಿನಲ್ಲಿ ಮುನ್ನೂರು ಜನ ಹಿಡಿಯುವ ಒಂದು ಸಭಾಂಗಣವನ್ನು ಕಲ್ಪಿಸಿಕೊಳ್ಳಿ. ತಲಾ 15 ಪೌಂಡಿನಂತೆ 200 ಟಿಕೆಟ್ ಮಾರಾಟವಾಗಿವೆ. ಕೈಗೆ ಬಂದದ್ದು 3,000 ಪೌಂಡ್. ಅದರಲ್ಲಿ 20 ಶೇಕಡಾ ದರದ ಮೌಲ್ಯವರ್ಧಿತ ತೆರಿಗೆಗೆ 500 ಹೋದರೆ 2,500 ಉಳಿಯುತ್ತದೆ. ಹಾಡುಗಳ ಹಕ್ಕುಸ್ವಾಮ್ಯದ ಶುಲ್ಕಕ್ಕೆ 100 ಎಂದಿಟ್ಟುಕೊಳ್ಳೋಣ. ಸೌಂಡ್ ಇಂಜಿನಿಯರ್, ಬೆಳಕು, ಬಾಗಿಲ ಕಾವಲು, ಪ್ರಚಾರ ಎಲ್ಲ ಸೇರಿ 900, ತಂಡಕ್ಕೆ ಮೊದಲೇ ಮಾತು ಕೊಟ್ಟ ಗ್ಯಾರಂಟಿ 1,000. ಉಳಿದ 500ರಲ್ಲಿ ಒಪ್ಪಂದದ ಪ್ರಕಾರ ಶೇಕಡಾ 80 ಮತ್ತೆ ತಂಡಕ್ಕೇ ಸೇರಬೇಕು. ಸಭಾಂಗಣಕ್ಕೆ ದಕ್ಕುವುದು 100 ಪೌಂಡ್. ಕಟ್ಟಡದ ಬಾಡಿಗೆ, ವಿದ್ಯುತ್ತು, ವಿಮೆ, ಸ್ಥಳೀಯ ತೆರಿಗೆ ಎಲ್ಲವನ್ನೂ ಇದರಿಂದ ಭರಿಸಲಾಗದು, ಬಾರಿನ ವ್ಯಾಪಾರದಿಂದಲೇ ಭರಿಸಬೇಕು. 200ರ ಬದಲು 120 ಟಿಕೆಟ್ ಮಾರಾಟವಾದ ರಾತ್ರಿಯಾದರೋ ಗ್ಯಾರಂಟಿ ಒಂದು ಪೌಂಡೂ ಕಡಿಮೆಯಾಗುವುದಿಲ್ಲ. ಕೊರತೆಯನ್ನು ಸಭಾಂಗಣ ತನ್ನ ಕೈಯಿಂದ ತುಂಬುತ್ತದೆ.

ಇದು ನಾನು ಕಟ್ಟಿದ ಉದಾಹರಣೆಯಾದರೂ ನಿಜಸ್ಥಿತಿ ಇದಕ್ಕಿಂತ ಹದವಾಗಿಲ್ಲ. ಬ್ರಿಟನ್ನಿನ ಸಣ್ಣ ಸಭಾಂಗಣಗಳ ಪರವಾಗಿ 2014ರಲ್ಲಿ ಹುಟ್ಟಿದ ಮ್ಯೂಸಿಕ್ ವೆನ್ಯೂ ಟ್ರಸ್ಟ್ 2024ರ ವರದಿಯಲ್ಲಿ ಕೊಟ್ಟ ಲೆಕ್ಕದಂತೆ ಈ ವಲಯದ ಸರಾಸರಿ ಲಾಭ ಶೇಕಡಾ 0.48. ಸಭಾಂಗಣಗಳಲ್ಲಿ ಶೇಕಡಾ 43.8 ಆ ವರ್ಷ ನಷ್ಟ ಅನುಭವಿಸಿದವು. ಇವೆಲ್ಲ ಸೇರಿ ತಮ್ಮ ಇತರ ಆದಾಯದಿಂದ 16.2 ಕೋಟಿ ಪೌಂಡುಗಳನ್ನು ಲೈವ್ ಸಂಗೀತಕ್ಕೆ ಸುರಿದವು. ಯಾವ ಸರ್ಕಾರವೂ ಅನುದಾನವೆಂದು ಕರೆಯದ ಅನುದಾನ ಇದು, ಬಿಯರ್ ಮಾರಿ ಸಂಗೀತವನ್ನು ಸಾಕುವುದು.

ಹಾಗೆ ಸಾಕಿದ ಸಂಗೀತದ ಫಸಲು ಯಾರಿಗೆ? ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ಬಿನಲ್ಲಿ 1961ರಿಂದ 1963ರ ಆಗಸ್ಟ್‌ವರೆಗೆ ಬೀಟಲ್ಸ್ ತಂಡ 292 ಬಾರಿ ನುಡಿಸಿತೆಂಬುದು ಪ್ರಸಿದ್ಧ ಲೆಕ್ಕ. ಅದರಾಚೆಗೆ ಆ ನೆಲಮಾಳಿಗೆಯಲ್ಲಿ ಆ ತಂಡ ಮತ್ತೆ ನುಡಿಸಲಿಲ್ಲ, ನುಡಿಸುವುದು ಸಾಧ್ಯವೂ ಇರಲಿಲ್ಲ. ಕಲಾವಿದರು ಬೆಳೆದು ದೊಡ್ಡ ಅಂಗಳಕ್ಕೆ ಹೋಗುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಆ ದೊಡ್ಡ ಅಂಗಳದವರೂ ಊರೂರಿನ ಬೇರೆ ಬೇರೆ ಪ್ರೊಮೋಟರುಗಳೇ, ಅಂದರೆ ಕೈಯಿಂದ ಹಣ ಹಾಕಿ ಕಾರ್ಯಕ್ರಮ ಏರ್ಪಡಿಸುವವರೇ, ಆಗಿರುತ್ತಿದ್ದರು. ಸಣ್ಣ ಕ್ಲಬ್ಬಿನಲ್ಲಿ ಕೈಸುಟ್ಟುಕೊಂಡವನೇ ಮೂರು ವರ್ಷದ ನಂತರ ಅದೇ ತಂಡವನ್ನು ದೊಡ್ಡ ಥಿಯೇಟರಿನಲ್ಲಿ ಏರ್ಪಡಿಸಿ ಕಳೆದುಕೊಂಡದ್ದನ್ನು ಮರಳಿ ಪಡೆಯುತ್ತಿದ್ದ. ಉದ್ಯಮದ ಕ್ರೋಡೀಕರಣವು, ಅಂದರೆ ಇಡೀ ವ್ಯಾಪಾರ ಕೆಲವೇ ದೊಡ್ಡ ಕಂಪನಿಗಳ ಕೈಸೇರುವುದು, ಕಡಿದುಹಾಕಿದ್ದು ಈ ಕೊಂಡಿಯನ್ನು. ಬಿತ್ತನೆಯ ಅಪಾಯ ಒಬ್ಬರ ಪಾಲಿಗೆ, ಕೊಯ್ಲು ಇನ್ನೊಬ್ಬರ ಪಾಲಿಗೆ ಎಂಬಂತಾಯಿತು. ಇಂದು ನಾನು ಹೇಳಬೇಕೆಂದಿರುವ ಮುಖ್ಯ ವಿಚಾರ ಇದೇ.

ಅಮೆರಿಕದಲ್ಲಿ ಇದು ನಡೆದ ಬಗೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ರಾಬರ್ಟ್ ಸಿಲ್ಲರ್‌ಮನ್ ಅವರ ಎಸ್‌ಎಫ್‌ಎಕ್ಸ್ ಕಂಪನಿ ಪ್ರಾದೇಶಿಕ ಪ್ರೊಮೋಟರುಗಳನ್ನು ಒಬ್ಬೊಬ್ಬರನ್ನಾಗಿ ಕೊಂಡುಕೊಂಡಿತು. 2000ದಲ್ಲಿ ಅದನ್ನು ರೇಡಿಯೋ ದೈತ್ಯ ಕ್ಲಿಯರ್ ಚಾನೆಲ್ ಕೊಂಡಿತು. 2005ರಲ್ಲಿ ಆ ಭಾಗ ಬೇರೆಯಾಗಿ ಲೈವ್ ನೇಷನ್ ಎಂಬ ಹೆಸರು ಪಡೆಯಿತು. 2010ರ ಜನವರಿಯಲ್ಲಿ ಅದು ಟಿಕೆಟ್ ವ್ಯಾಪಾರದ ಟಿಕೆಟ್‌ಮಾಸ್ಟರ್ ಜೊತೆ ವಿಲೀನಗೊಂಡಾಗ ಸರ್ಕಾರ ಕೆಲವು ಷರತ್ತುಗಳನ್ನು ಹಾಕಿ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಈ ಒಂದು ಕಂಪನಿಯ ವರಮಾನ 2,300 ಕೋಟಿ ಡಾಲರ್ ಮೀರಿತು, ಅದರ ಕಾರ್ಯಕ್ರಮಗಳಿಗೆ ಬಂದವರು ಸುಮಾರು 15 ಕೋಟಿ ಜನ. ಅದೇ ವರ್ಷದ ಮೇ 23ರಂದು ನ್ಯಾಯ ಇಲಾಖೆಯೂ ಹಲವು ರಾಜ್ಯಗಳೂ ಸೇರಿ ಅದರ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿದವು. ಸರ್ಕಾರದ ಆರೋಪಪಟ್ಟಿಯ ಪ್ರಕಾರ ಕಂಪನಿಯ ನಿರ್ವಹಣೆಯಲ್ಲಿ 400ಕ್ಕೂ ಹೆಚ್ಚು ಕಲಾವಿದರಿದ್ದರು, ಉತ್ತರ ಅಮೆರಿಕದಲ್ಲಿ 265ಕ್ಕೂ ಹೆಚ್ಚು ಸಭಾಂಗಣಗಳು ಅದರ ಒಡೆತನದಲ್ಲೋ ಹಿಡಿತದಲ್ಲೋ ಇದ್ದವು ಮತ್ತು ದೊಡ್ಡ ಸಭಾಂಗಣಗಳ ಮೊದಲ ಸುತ್ತಿನ ಟಿಕೆಟ್ ಮಾರಾಟದಲ್ಲಿ ಶೇಕಡಾ 80ರಷ್ಟೋ ಅದಕ್ಕಿಂತ ಹೆಚ್ಚೋ ಅದರ ಪಾಲಾಗಿತ್ತು. ಕಂಪನಿ ಈ ಆರೋಪಗಳನ್ನು ಅಲ್ಲಗಳೆದಿದೆ ಎಂಬುದನ್ನೂ ಹೇಳಬೇಕು.

ಕೋರ್ಟಿನ ಕಥೆ ಜನರಿಗೆ ರುಚಿಸುತ್ತದೆ. 2022ರ ನವೆಂಬರಿನಲ್ಲಿ ಟೇಲರ್ ಸ್ವಿಫ್ಟ್ ಪ್ರವಾಸದ ಟಿಕೆಟ್ ಮಾರಾಟ ಕುಸಿದುಬಿದ್ದಾಗ ದೇಶವೇ ಕೋಪಗೊಂಡಿತು, ಮರುವರ್ಷದ ಜನವರಿಯಲ್ಲಿ ಸೆನೆಟ್ ಸಮಿತಿ ವಿಚಾರಣೆಯನ್ನೂ ನಡೆಸಿತು. ಆದರೆ ಸಣ್ಣ ಸಭಾಂಗಣದ ಒಡೆಯನಿಗೆ ಕ್ರೋಡೀಕರಣ ಎದುರಾಗುವುದು ಕ್ರೀಡಾಂಗಣದ ಟಿಕೆಟ್ಟಿನಲ್ಲಿ ಅಲ್ಲ, ತನ್ನ ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ.

ಈ ಕ್ಯಾಲೆಂಡರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ತಂಡದ ಬುಕಿಂಗ್ ಏಜೆಂಟ್ ಪ್ರವಾಸವನ್ನು ಯೋಜಿಸುವಾಗ ಪ್ರತಿ ಊರಿನಲ್ಲೂ ಎರಡು ಮೂರು ತಾರೀಖುಗಳನ್ನು ಕಾದಿರಿಸಿಕೊಳ್ಳುತ್ತಾನೆ. ಇದಕ್ಕೆ ಹೋಲ್ಡ್ ಎನ್ನುತ್ತಾರೆ. ಒಂದೇ ತಾರೀಖಿನ ಮೇಲೆ ಮೊದಲ ಹೋಲ್ಡ್, ಎರಡನೆಯದು, ಮೂರನೆಯದು ಹೀಗೆ ಸಾಲು ನಿಂತಿರುತ್ತದೆ. ಹಣ ಕೈಬದಲಾಗಿರುವುದಿಲ್ಲ, ಸಹಿಯೂ ಆಗಿರುವುದಿಲ್ಲ, ತಾರೀಖು ಮಾತ್ರ ಪೆನ್ಸಿಲ್ ಗುರುತಿನಲ್ಲಿ ಸಿಕ್ಕಿಬಿದ್ದಿರುತ್ತದೆ. ಎರಡನೆಯವನು ಪಟ್ಟು ಹಿಡಿದಾಗ ಮಾತ್ರ ಮೊದಲನೆಯವನು ಖಚಿತಪಡಿಸಬೇಕು ಅಥವಾ ಬಿಟ್ಟುಕೊಡಬೇಕು. ಇಡೀ ದೇಶದ ಮೂವತ್ತು ಕಾರ್ಯಕ್ರಮಗಳನ್ನು ಒಟ್ಟಿಗೆ ಕೊಳ್ಳಬಲ್ಲ ಪ್ರೊಮೋಟರ್ ಬಂದು ಇಡೀ ಪ್ರವಾಸಕ್ಕೆ ಒಂದೇ ಮೊತ್ತ ಕೊಡುತ್ತೇನೆ ಎಂದರೆ, ಊರೂರಿನ ಸ್ವತಂತ್ರ ಸಭಾಂಗಣಗಳ ಪೆನ್ಸಿಲ್ ಗುರುತುಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತವೆ. ಎರಡು ತಿಂಗಳು ಆ ಶುಕ್ರವಾರವನ್ನು ಯಾರಿಗೂ ಕೊಡದೆ ಕಾದವನಿಗೆ ಪರಿಹಾರವೂ ಇಲ್ಲ. ಇಲ್ಲಿ ಯಾರೂ ಕಾನೂನು ಮುರಿದಿಲ್ಲ ಎಂಬುದೇ ಇದರ ಕಷ್ಟ.

ಇದರ ಮೇಲೆ ರೇಡಿಯಸ್ ಕ್ಲಾಜ್ ಎಂಬ ಕಟ್ಟಳೆಯೂ ಇದೆ. ದೊಡ್ಡ ಉತ್ಸವವೊಂದು ತಂಡವನ್ನು ಕರೆಸುವಾಗ, ಉತ್ಸವದ ಹಿಂದಿನ ಮುಂದಿನ ಇಂತಿಷ್ಟು ತಿಂಗಳು, ಇಂತಿಷ್ಟು ಮೈಲಿ ದೂರದೊಳಗೆ ಬೇರೆಲ್ಲೂ ನುಡಿಸಬಾರದೆಂದು ಒಪ್ಪಂದದಲ್ಲಿ ಬರೆಸಿಕೊಳ್ಳುತ್ತದೆ. ಉತ್ಸವಕ್ಕೆ ಅದು ತನ್ನ ಟಿಕೆಟ್ಟಿನ ರಕ್ಷಣೆ, ಆ ದೂರದೊಳಗಿನ ಸಣ್ಣ ಸಭಾಂಗಣಕ್ಕೆ ಇಡೀ ಬೇಸಿಗೆಯ ಬರ. ಮ್ಯೂಸಿಕ್ ವೆನ್ಯೂ ಟ್ರಸ್ಟ್ ಹೇಳುವಂತೆ 1994ರಲ್ಲಿ ಬ್ರಿಟನ್ನಿನ ಸಣ್ಣ ಸಭಾಂಗಣಗಳ ಪ್ರವಾಸವೊಂದರಲ್ಲಿ ಸರಾಸರಿ 22 ಕಾರ್ಯಕ್ರಮಗಳಿರುತ್ತಿದ್ದವು, 2024ರಲ್ಲಿ ಅವು 11. ಡೀಸೆಲ್ ಮತ್ತು ವಸತಿಯ ಖರ್ಚೂ ಇದಕ್ಕೆ ಕಾರಣವೆಂದು ಒಪ್ಪುತ್ತೇನೆ.

ಟಿಕೆಟ್ ಒಪ್ಪಂದದ್ದು ಬೇರೆಯೇ ಬಗೆಯ ಕುಣಿಕೆ. ಟಿಕೆಟ್ ಕಂಪನಿ ಐದಾರು ವರ್ಷಗಳ ಏಕಮಾತ್ರ ಮಾರಾಟದ ಹಕ್ಕು ಕೇಳುತ್ತದೆ, ಪ್ರತಿಯಾಗಿ ಮುಂಗಡವಾಗಿ ದೊಡ್ಡ ಮೊತ್ತ ಕೊಡುತ್ತದೆ. ಸೋರುವ ಮಾಡು, ಹಳೆಯ ಧ್ವನಿವರ್ಧಕಗಳನ್ನು ಇಟ್ಟುಕೊಂಡವನಿಗೆ ಆ ಮುಂಗಡ ದೇವರು ಕೊಟ್ಟ ವರದಂತೆ ಕಾಣುತ್ತದೆ. ಅದು ವರವಲ್ಲ, ಸಾಲ. ಕೇಳುಗನ ಮೇಲೆ ಹೇರುವ ಸೇವಾಶುಲ್ಕದಿಂದ ಕಂಪನಿ ಅದನ್ನು ಕಂತು ಕಂತಾಗಿ ವಸೂಲಿ ಮಾಡಿಕೊಳ್ಳುತ್ತದೆ, ಅಷ್ಟರವರೆಗೆ ಸಭಾಂಗಣ ಆ ಶುಲ್ಕವನ್ನು ಇಳಿಸುವ ಹಾಗೂ ಇಲ್ಲ. ನನಗೆ ಹಣಕ್ಕಿಂತ ಗಂಭೀರವೆನಿಸುವುದು ಕೇಳುಗರ ಪಟ್ಟಿ. ಯಾರು, ಯಾವ ಬಗೆಯ ಸಂಗೀತಕ್ಕೆ, ವರ್ಷಕ್ಕೆ ಎಷ್ಟು ಬಾರಿ ಬರುತ್ತಾರೆ ಎಂಬ ಮಾಹಿತಿಯೇ ಸಣ್ಣ ಸಭಾಂಗಣದ ನಿಜವಾದ ಆಸ್ತಿ. ಆ ಟಿಕೆಟ್ ಕಂಪನಿಯ ಒಡೆಯನೇ ಎದುರು ಬೀದಿಯ ಸಭಾಂಗಣದ ಪ್ರೊಮೋಟರೂ ಆಗಿದ್ದರೆ, ನಮ್ಮ ಗಿರಾಕಿಗಳ ವಿಳಾಸವನ್ನು ನಾವೇ ಬರೆದು ಪ್ರತಿಸ್ಪರ್ಧಿಯ ಕೈಗೆ ಕೊಟ್ಟಂತೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮುಂಗಡದ ಮೊತ್ತವನ್ನು ನೋಡುವುದಕ್ಕಿಂತ, ಈ ಪಟ್ಟಿ ಅವಧಿ ಮುಗಿದಾಗ ಯಾರ ಬಳಿ ಉಳಿಯುತ್ತದೆ ಎಂಬ ಕಲಮನ್ನು ಓದುವುದು ಮುಖ್ಯ.

2020ರ ಮಾರ್ಚಿನಲ್ಲಿ ಬಾಗಿಲುಗಳೆಲ್ಲ ಮುಚ್ಚಿದಾಗ ಅಮೆರಿಕದ ಸ್ವತಂತ್ರ ಸಭಾಂಗಣಗಳು ಮೊದಲ ಬಾರಿಗೆ ನೀವಾ ಎಂಬ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡವು. ಹಳೆಯ ಬಸ್ ನಿಲ್ದಾಣದಲ್ಲಿ ನಡೆಯುವ ಮಿನಿಯಾಪೊಲಿಸ್‌ನ ಫಸ್ಟ್ ಅವೆನ್ಯೂ ಸಭಾಂಗಣದ ಡೇನಾ ಫ್ರಾಂಕ್ ಅದರ ಅಧ್ಯಕ್ಷರಾದರು. ಅಲ್ಲಿಯವರೆಗೆ ಒಂದೇ ಊರಿನ ಎರಡು ಕ್ಲಬ್ಬುಗಳು ಒಂದೇ ತಂಡಕ್ಕಾಗಿ ಕಿತ್ತಾಡುತ್ತಿದ್ದವಲ್ಲದೆ ಒಟ್ಟಿಗೆ ಕುಳಿತದ್ದು ಕಡಿಮೆ. ಡಿಸೆಂಬರ್ 27ರಂದು 1,500 ಕೋಟಿ ಡಾಲರ್ ನೆರವಿನ ಕಾನೂನಿಗೆ ಸಹಿ ಬಿತ್ತು. ಮರುವರ್ಷ ಏಪ್ರಿಲ್ 8ರಂದು ಅರ್ಜಿ ಸ್ವೀಕರಿಸುವ ಜಾಲತಾಣ ತೆರೆಯಿತು, ಅಂದೇ ಕುಸಿದು ಮುಚ್ಚಿತು. ಎರಡೂವರೆ ವಾರ ಕಾದು ಮತ್ತೆ ಅರ್ಜಿ ಹಾಕಬೇಕಾಯಿತು. ಇಷ್ಟಾದರೂ ಆ ಹಣ ಬಾರದಿದ್ದರೆ ಇಂದು ಕ್ರೋಡೀಕರಣದ ವಿರುದ್ಧ ದನಿಯೆತ್ತಲು ಎಷ್ಟು ಸಭಾಂಗಣಗಳು ಉಳಿದಿರುತ್ತಿದ್ದವೋ.

ಆದರೆ ಆಪತ್ಕಾಲದ ನೆರವು ದಿನನಿತ್ಯದ ಲೆಕ್ಕವನ್ನು ಬದಲಿಸುವುದಿಲ್ಲ. ಕೊಯ್ಲಿನ ಒಂದು ಪಾಲು ಬಿತ್ತುವವನಿಗೆ ಮರಳಬೇಕು ಎಂಬ ವಿಚಾರವನ್ನು ಫ್ರಾನ್ಸ್ ಕಾನೂನಿನಲ್ಲೇ ಬರೆದಿದೆ. ಅಲ್ಲಿ ಜನಪ್ರಿಯ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಆದಾಯದ ಮೇಲೆ ಶೇಕಡಾ 3.5 ತೆರಿಗೆಯಿದೆ, ಆ ಹಣ ರಾಷ್ಟ್ರೀಯ ಸಂಗೀತ ಕೇಂದ್ರಕ್ಕೆ ಸೇರಿ, ಒಂದು ಭಾಗ ತೆರಿಗೆ ಕಟ್ಟಿದವರ ಮುಂದಿನ ಕಾರ್ಯಕ್ರಮಗಳಿಗೆ, ಇನ್ನೊಂದು ಭಾಗ ನೆರವಿನ ಯೋಜನೆಗಳಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ದೊಡ್ಡ ಕ್ರೀಡಾಂಗಣಗಳ ಪ್ರತಿ ಟಿಕೆಟ್ಟಿನಿಂದ ಒಂದು ಪೌಂಡ್ ತೆಗೆದಿಡಬೇಕೆಂಬ ಬೇಡಿಕೆಯನ್ನು 2024ರ ಮೇ ತಿಂಗಳಲ್ಲಿ ಸಂಸದೀಯ ಸಮಿತಿಯೇ ಬೆಂಬಲಿಸಿತು. ನವೆಂಬರಿನಲ್ಲಿ ಸರ್ಕಾರವೂ ಒಪ್ಪಿತು, ಆದರೆ ಸ್ವಇಚ್ಛೆಯ ಪದ್ಧತಿಯಾಗಿ. ಎಂಟರ್ ಶಿಕಾರಿ ತಂಡ ಆ ಸಮಿತಿ ಹೇಳುವ ಮೊದಲೇ ತನ್ನ ಪ್ರವಾಸದಲ್ಲಿ ಆ ಒಂದು ಪೌಂಡನ್ನು ಕೊಟ್ಟಿತ್ತು. ಅಂಥ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ಕಲಾವಿದರ ಒಳ್ಳೆಯತನವನ್ನು ನಂಬಿ ಯಾರೂ ಮುಂದಿನ ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಲಾರರು ಎಂದೂ ಹೇಳಬೇಕಾಗುತ್ತದೆ.

ಬಾಡಿಗೆಯ ಮಾತು ಬಂತು. ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ 2006ರ ಅಕ್ಟೋಬರಿನಲ್ಲಿ ಮುಚ್ಚಿದ್ದು ಕೇಳುಗರಿಲ್ಲದೆ ಅಲ್ಲ, ಬಾಡಿಗೆಯ ವ್ಯಾಜ್ಯದಿಂದ. ಪಕ್ಕದಲ್ಲಿ ಹೊಸ ವಸತಿ ಕಟ್ಟಡ ಎದ್ದು, ಅದರ ನಿವಾಸಿಗಳು ಸದ್ದಿನ ಬಗ್ಗೆ ದೂರು ಕೊಟ್ಟು ಹಳೆಯ ಕ್ಲಬ್ಬನ್ನು ಸಂಕಟಕ್ಕೆ ಸಿಲುಕಿಸುವುದು ಇನ್ನೊಂದು ಬಗೆ. ಇದಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಒಂದು ನಿಯಮ ತಂದವು: ಸಭಾಂಗಣ ಮೊದಲೇ ಅಲ್ಲಿದ್ದರೆ, ಸದ್ದು ತಡೆಯುವ ಹೊಣೆ ಹೊಸದಾಗಿ ಕಟ್ಟುವವನದು. ನೆರೆಯವನ ದೂರಿನಿಂದ ಇದು ಒಂದಿಷ್ಟು ಕಾಪಾಡಬಹುದು, ಕಟ್ಟಡದ ಒಡೆಯನಿಂದ ಅಲ್ಲ. ಬ್ರಿಟನ್ನಿನ ಸಣ್ಣ ಸಭಾಂಗಣಗಳಲ್ಲಿ ಶೇಕಡಾ 93 ಬಾಡಿಗೆದಾರರೇ ಎಂದೂ, ಸಾಮಾನ್ಯವಾಗಿ ಅವರ ಕರಾರಿನಲ್ಲಿ ಉಳಿದಿರುವುದು 18 ತಿಂಗಳು ಎಂದೂ 2022ರಲ್ಲಿ ಟ್ರಸ್ಟ್ ಹೇಳಿತ್ತು. ಹದಿನೆಂಟು ತಿಂಗಳ ಆಯುಸ್ಸಿನ ವ್ಯಾಪಾರಕ್ಕೆ ಹೊಸ ಧ್ವನಿವರ್ಧಕ ಕೊಳ್ಳಲು ಯಾವ ಬ್ಯಾಂಕು ಸಾಲ ಕೊಟ್ಟೀತು?

ಆದ್ದರಿಂದ ಟ್ರಸ್ಟಿನವರು ಜನರಿಂದಲೇ ಷೇರು ಹಣ ಕೂಡಿಸಿ ಕಟ್ಟಡಗಳನ್ನು ಕೊಳ್ಳಲು ಮ್ಯೂಸಿಕ್ ವೆನ್ಯೂ ಪ್ರಾಪರ್ಟೀಸ್ ಎಂಬ ಸಂಸ್ಥೆಯನ್ನು ಕಟ್ಟಿದರು. 2023ರಲ್ಲಿ ಅದು ಕೊಂಡ ಮೊದಲ ಕಟ್ಟಡ ಅಥರ್ಟನ್ ಎಂಬ ಊರಿನ ಸ್ನಗ್, ನೂರು ಜನ ಹಿಡಿಯುವಷ್ಟೇ ದೊಡ್ಡದು. ಸಂಗೀತ ನಡೆಯುವವರೆಗೂ ಅಲ್ಲಿನವರನ್ನು ಯಾರೂ ಎಬ್ಬಿಸುವಂತಿಲ್ಲ ಎಂಬ ಬಗೆಯ ಕರಾರು ಅವರಿಗೆ ಸಿಕ್ಕಿತು. ಕಟ್ಟಡದ ಚಿಂತೆ ತೀರಿತು. ಆದರೆ ಮರುದಿನ ಬೆಳಿಗ್ಗೆ ಅವರೂ ಕ್ಯಾಲೆಂಡರ್ ಬಿಚ್ಚಿಟ್ಟುಕೊಂಡು, ಶುಕ್ರವಾರದ ಹೋಲ್ಡ್ ಇನ್ನೂ ಉಳಿದಿದೆ ತಾನೇ ಎಂದು ಏಜೆಂಟನಿಗೆ ಫೋನ್ ಮಾಡಿ ಕೇಳಬೇಕಾದವರೇ.