ಡಬ್ಬಿಯೊಳಗಿನ ಗುಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ವಿಕ್ಟೋರಿಯಾ ರಾಣಿ ಆಳುತ್ತಿದ್ದ ಕಾಲದ ಇಂಗ್ಲೆಂಡಿನಲ್ಲಿ, ಅಂದರೆ 1837ರಿಂದ 1901ರವರೆಗೆ, ಮೈ ಸರಿಯಿಲ್ಲದ ಕೂಲಿಕಾರನು ಮೊದಲು ಹೋಗುತ್ತಿದ್ದದ್ದು ಅಂಗಡಿಗೆ. ವೈದ್ಯರನ್ನು ಕರೆಸುವಷ್ಟು ಹಣ ಅವನ ಕೈಯಲ್ಲಿ ಇರುತ್ತಿರಲಿಲ್ಲ. ಮದ್ದು ಎಲ್ಲಿ ಬೇಕಾದರೂ ಸಿಗುತ್ತಿತ್ತು. ದಿನಸಿಯವನು ಮಾರುತ್ತಿದ್ದ, ಪುಸ್ತಕದಂಗಡಿಯವನು ಮಾರುತ್ತಿದ್ದ, ಸಂತೆಯಲ್ಲಿ ಗಾಡಿಯ ಮೇಲೆ ನಿಂತವನೂ ಕೂಗಿ ಮಾರುತ್ತಿದ್ದ. ಒಂದು ಡಬ್ಬಿಯ ಬೆಲೆ ಸಾಮಾನ್ಯವಾಗಿ ಒಂದು ಶಿಲಿಂಗ್ ಒಂದೂವರೆ ಪೆನ್ನಿ. ಆಗ ಒಂದು ಶಿಲಿಂಗ್ ಎಂದರೆ 12 ಪೆನ್ನಿ.

ಆ ಒಂದೂವರೆ ಪೆನ್ನಿಯಿಂದಲೇ ಮಾತು ಶುರು ಮಾಡುತ್ತೇನೆ. ಅದು ಸರ್ಕಾರಕ್ಕೆ ಸಲ್ಲುತ್ತಿದ್ದ ತೆರಿಗೆ. ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಪ್ರತಿ ಡಬ್ಬಿಗೂ ಸರ್ಕಾರದ ಮುದ್ರೆಯ ಕಾಗದದ ಪಟ್ಟಿಯೊಂದನ್ನು ಅಂಟಿಸಬೇಕಿತ್ತು. ಮುಚ್ಚಳ ತೆರೆಯಬೇಕಾದರೆ ಆ ಪಟ್ಟಿಯನ್ನು ಹರಿಯಲೇಬೇಕು. ಸರ್ಕಾರದ ಮಟ್ಟಿಗೆ ಅದು ಬರಿಯ ರಸೀದಿ. ಆದರೆ ಅದನ್ನು ಕೈಯಲ್ಲಿ ಹಿಡಿದ ಬಡ ಹೆಂಗಸಿಗೆ ಹಾಗೆ ಕಾಣುತ್ತಿರಲಿಲ್ಲ. ರಾಣಿಯ ಸರ್ಕಾರವೇ ಪರೀಕ್ಷಿಸಿ ಮುದ್ರೆ ಒತ್ತಿದೆ ಎಂದು ಅವಳು ನಂಬುತ್ತಿದ್ದಳು. ವ್ಯಾಪಾರಿಗಳೂ ಆ ನಂಬಿಕೆಯನ್ನು ಚೆನ್ನಾಗಿ ಬಳಸಿಕೊಂಡರು. ಸರ್ಕಾರದ ಮುದ್ರೆ ಇಲ್ಲದ ಡಬ್ಬಿ ನಕಲಿ, ಎಚ್ಚರಿಕೆ ಎಂದು ಜಾಹೀರಾತಿನಲ್ಲೇ ಅಚ್ಚು ಹಾಕಿಸಿದರು. ಇವುಗಳನ್ನು ಪೇಟೆಂಟ್ ಔಷಧಗಳು ಎಂದು ಕರೆಯುತ್ತಿದ್ದರೂ ಹೆಚ್ಚಿನವಕ್ಕೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕೆಂದರೆ ಒಳಗೆ ಏನಿದೆ ಎಂದು ಬರೆದುಕೊಡಬೇಕಾಗುತ್ತದೆ. ಅದೊಂದನ್ನು ಮಾತ್ರ ಹೇಳಲು ಅವರು ಸಿದ್ಧರಿರಲಿಲ್ಲ.

ಥಾಮಸ್ ಬೀಚಮ್ ಎಂಬಾತ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದವನು. ಮುಂದೆ ಲ್ಯಾಂಕಾಷೈರಿನ ಸಂತೆಗಳಲ್ಲಿ ಗುಳಿಗೆ ಮಾರಿ, ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ಕಾರ್ಖಾನೆಯನ್ನೇ ಕಟ್ಟಿದ. ಡಬ್ಬಿಯೊಂದಕ್ಕೆ ಒಂದು ಗಿನಿ ಕೊಟ್ಟರೂ ನಷ್ಟವಿಲ್ಲ ಎಂಬುದು ಅವನ ಗುಳಿಗೆಯ ಘೋಷವಾಕ್ಯ. ಗಿನಿ ಎಂದರೆ 21 ಶಿಲಿಂಗ್. ಹೊಟ್ಟೆಯುಬ್ಬರ, ತಲೆನೋವು, ತಲೆಸುತ್ತು, ಊಟವಾದ ಮೇಲಿನ ಭಾರ, ಉಸಿರು ಕಟ್ಟುವುದು, ಕೊನೆಗೆ ರಾತ್ರಿ ಬೀಳುವ ಕೆಟ್ಟ ಕನಸು, ಎಲ್ಲಕ್ಕೂ ಅದೇ ಗುಳಿಗೆ. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಇಂಥ ಗುಟ್ಟಿನ ಮದ್ದುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಒಂದು ಪುಸ್ತಕ ಪ್ರಕಟಿಸಿತು. ಬೀಚಮ್ ಗುಳಿಗೆಯಲ್ಲಿ ಸಿಕ್ಕಿದ್ದು ಮೂರೇ ವಸ್ತು: ಲೋಳೆಸರದ ರಸವನ್ನು ಬತ್ತಿಸಿ ಮಾಡುವ ಕರಿಬೋಳ, ಶುಂಠಿ ಪುಡಿ, ಸಾಬೂನು. ಭೇದಿಗೆ ಕರಿಬೋಳ, ಹೊಟ್ಟೆ ಹಿಡಿದುಕೊಳ್ಳದಂತೆ ಶುಂಠಿ, ಉಂಡೆ ಕಟ್ಟಲು ಸಾಬೂನು. 56 ಗುಳಿಗೆಗಳ ಒಂದು ಡಬ್ಬಿಯಲ್ಲಿದ್ದ ಸಾಮಗ್ರಿಯ ಬೆಲೆ ಅರ್ಧ ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಎಂಟನೆಯ ಒಂದು ಭಾಗ. ಕೊಳ್ಳುವವನು ಕೊಡುತ್ತಿದ್ದದ್ದು ಅದರ 108 ಪಟ್ಟು.

ಮಲಬದ್ಧತೆ ಇದ್ದವನಿಗೆ ಇದರಿಂದ ಗುಣ ಕಾಣುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಟ್ಟೆ ಖಾಲಿಯಾದರೆ ತಲೆ ಹಗುರಾಗುತ್ತದೆ, ಮದ್ದು ಕೆಲಸ ಮಾಡಿತು ಎಂದು ಅವನು ನಾಲ್ಕು ಜನಕ್ಕೆ ಹೇಳುತ್ತಾನೆ. ಬೀಚಮ್‌ಗಿಂತ ಮೊದಲೇ ಇಂಥದ್ದೇ ಗುಳಿಗೆಯಿಂದ ಥಾಮಸ್ ಹಾಲೋವೇ ಎಂಬಾತ ದೊಡ್ಡ ಸಿರಿವಂತನಾಗಿದ್ದ. ಲಂಡನ್ನಿನ ಹೊರಗೆ ಎಗಮ್ ಎಂಬಲ್ಲಿ ಹೆಣ್ಣುಮಕ್ಕಳಿಗಾಗಿ ಅವನು ಕಟ್ಟಿಸಿದ ಕಾಲೇಜನ್ನು 1886ರಲ್ಲಿ ವಿಕ್ಟೋರಿಯಾ ರಾಣಿಯೇ ಉದ್ಘಾಟಿಸಿದಳು. ಇಂದಿಗೂ ಅಲ್ಲಿ ಸಾವಿರಾರು ವಿದ್ಯಾರ್ಥಿಗಳು ಓದುತ್ತಿದ್ದಾರೆ. ಆ ಕಾಲೇಜಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಒಂದೊಂದು ಇಟ್ಟಿಗೆಗೂ ದುಡ್ಡು ತೆತ್ತವರು ಯಾವುದೋ ನೋವಿಗೆ ಯಾವುದೋ ಗುಳಿಗೆ ನುಂಗಿದ ಬಡವರು ಎಂಬುದನ್ನು ಮರೆಯಲು ನನ್ನಿಂದಾಗದು.

ಗುಳಿಗೆಯ ಮೋಸದಲ್ಲಿ ಹೋಗುತ್ತಿದ್ದದ್ದು ದುಡ್ಡು. ಕೂಸುಗಳ ಮದ್ದಿನಲ್ಲಿ ಹೋಗುತ್ತಿದ್ದದ್ದು ಪ್ರಾಣ. ಇವತ್ತು ನಿಮಗೆ ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ.

ಮ್ಯಾಂಚೆಸ್ಟರ್, ನಾಟಿಂಗ್‌ಹ್ಯಾಮ್‌ನಂಥ ಊರುಗಳಲ್ಲಿ ಬಾಣಂತಿಯರು ಹೆರಿಗೆಯಾದ ಕೆಲವೇ ವಾರಗಳಲ್ಲಿ ಗಿರಣಿಯ ಕೆಲಸಕ್ಕೆ, ಕಸೂತಿಯ ಕೆಲಸಕ್ಕೆ ಮರಳಬೇಕಿತ್ತು. ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಎಳೆಗೂಸನ್ನು ನೆರೆಯ ಮುದುಕಿಯೊಬ್ಬಳ ಬಳಿ ಬಿಟ್ಟು ನಸುಕಿನಲ್ಲೇ ಹೋಗುತ್ತಿದ್ದರು. ಆ ಮುದುಕಿಯ ಬಳಿ ಇನ್ನೂ ಹಲವು ಕೂಸುಗಳು. ಹಸಿದ ಮಗು ಅಳುತ್ತದೆ, ಅದನ್ನು ಕೇಳಿ ಇನ್ನೊಂದು ಅಳುತ್ತದೆ. ಆಗ ಕೈಗೆ ಬರುತ್ತಿದ್ದದ್ದು ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಬಾಟಲಿ. ಕಾಕಂಬಿಯಂಥ ಸಿಹಿಪಾಕ, ಪರಿಮಳಕ್ಕೆ ಸಸಾಫ್ರಾಸ್ ಎಂಬ ತೊಗಟೆ, ಅದರೊಳಗೆ ಅಫೀಮು. ಒಂದು ಚಮಚ ಕೊಟ್ಟರೆ ಮಗು ಗಂಟೆಗಟ್ಟಲೆ ಮಲಗುತ್ತಿತ್ತು.

ಆ ಬಾಟಲಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಫೀಮು ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಅಲುಗಾಡಿಸದೆ ಬಗ್ಗಿಸಿದರೆ ಮೊದಲ ಚಮಚಗಳಲ್ಲಿ ಅದು ಕಡಿಮೆ, ಕೊನೆಯ ಚಮಚಗಳಲ್ಲಿ ಹೆಚ್ಚು. ಒಬ್ಬ ಅಂಗಡಿಯವನ ಮಿಶ್ರಣದ ಬಲ ಇನ್ನೊಬ್ಬನದರಲ್ಲಿ ಇರುತ್ತಿರಲಿಲ್ಲ, ಏಕೆಂದರೆ ಪ್ರತಿಯೊಬ್ಬನೂ ತನ್ನದೇ ಅಳತೆಯಲ್ಲಿ ಕಲಸುತ್ತಿದ್ದ. ಒಂದು ವಾರ ಇಲ್ಲಿ ಕೊಂಡು ಇನ್ನೊಂದು ವಾರ ಅಲ್ಲಿ ಕೊಂಡ ತಾಯಿ ಅದೇ ಚಮಚದಲ್ಲಿ ಅಷ್ಟೇ ಅಳೆದು ಕೊಟ್ಟರೂ ಮಗು ಮೇಲೇಳದೆ ಹೋಗಬಹುದಿತ್ತು.

ಇದು ಕಣ್ಣಿಗೆ ಕಾಣುವ ಸಾವು. ಕಾಣದೇ ಹೋದ ಸಾವುಗಳು ಇನ್ನೂ ಹೆಚ್ಚು. ಅಫೀಮು ಹಸಿವನ್ನು ಕೊಲ್ಲುತ್ತದೆ. ಮಂಪರಿನಲ್ಲಿರುವ ಕೂಸು ಹಾಲಿಗೆ ಬಾಯಿ ಹಾಕುವುದಿಲ್ಲ, ಅಳುವುದೂ ಇಲ್ಲ. ದಿನದಿಂದ ದಿನಕ್ಕೆ ಒಣಗುತ್ತದೆ, ಚರ್ಮ ಸುಕ್ಕುಗಟ್ಟಿ ಪುಟ್ಟ ಮುದುಕರ ಹಾಗೆ ಕಾಣುತ್ತದೆ ಎಂದು ಅಂದಿನ ವೈದ್ಯರು ಬರೆದಿಟ್ಟಿದ್ದಾರೆ. ಸತ್ತಾಗ ದಾಖಲೆಯಲ್ಲಿ ನಿಶ್ಶಕ್ತಿ ಎಂದೋ ಎದೆಹಾಲಿನ ಕೊರತೆ ಎಂದೋ ಬರೆಯುತ್ತಿದ್ದರು. ಬಾಟಲಿಯ ಹೆಸರು ಆ ದಾಖಲೆಗೆ ಬರುತ್ತಿರಲಿಲ್ಲ.

ಅಮೆರಿಕದಿಂದ ಬಂದ ಮಿಸೆಸ್ ವಿನ್ಸ್‌ಲೋ ಸೂದಿಂಗ್ ಸಿರಪ್ ಇದಕ್ಕಿಂತ ನಾಜೂಕಿನ ಸರಕು. ಮೇನ್ ರಾಜ್ಯದ ಬ್ಯಾಂಗೋರ್ ಪಟ್ಟಣದಲ್ಲಿ 1849ರಲ್ಲಿ ಮಾರಾಟಕ್ಕೆ ಬಂದದ್ದು. ಹಲ್ಲು ಬರುವ ಮಕ್ಕಳಿಗೆ ಎಂದು ಹೇಳಿ, ತಾಯಿ-ಮಕ್ಕಳ ಮುದ್ದಾದ ಬಣ್ಣದ ಚಿತ್ರಗಳೊಡನೆ ಮಾರುತ್ತಿದ್ದರು. ಸುಮಾರು 30 ಮಿಲಿಲೀಟರ್ ಪಾನಕದಲ್ಲಿ ಅಫೀಮಿನಿಂದಲೇ ತೆಗೆಯುವ ಮಾರ್ಫಿನ್ 65 ಮಿಲಿಗ್ರಾಂ ಇತ್ತು. ಕೂಸು ನಿದ್ದೆ ಹೋದದ್ದನ್ನು ನೋಡಿ ತಾಯಿ ಆ ವ್ಯಾಪಾರಿಯನ್ನು ಹರಸಿರಬೇಕು. ಅವಳನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂದಿನ ಅನೇಕ ಉಪದೇಶಕರು ದೂರಿದ್ದು ಅವಳನ್ನೇ. ಮಾರ್ಫಿನ್ ಎಂಬ ಪದ ಬಾಟಲಿಯ ಮೇಲೆ ಇಲ್ಲದಿರುವಾಗ ಅವಳಿಗೆ ಗೊತ್ತಾಗುವುದಾದರೂ ಹೇಗೆ? 1868ರ ಔಷಧಾಲಯ ಕಾಯಿದೆ ಅಫೀಮಿನ ಮಾರಾಟಕ್ಕೆ ಕಡಿವಾಣ ಹಾಕಿತು ನಿಜ, ಆದರೆ ಪೇಟೆಂಟ್ ಔಷಧಗಳನ್ನು ಹೊರಗಿಟ್ಟಿತು. ತೆರಿಗೆ ತರುವ ಡಬ್ಬಿಗಳನ್ನು ಮುಟ್ಟುವ ಮನಸ್ಸು ಸರ್ಕಾರಕ್ಕೆ ಇರಲಿಲ್ಲ.

ನಾಟಿಂಗ್‌ಹ್ಯಾಮ್ ಎಂದೆನಲ್ಲ, ನಮ್ಮ ಮನೆಗಳ ಗ್ರೈಪ್ ವಾಟರ್ ಹುಟ್ಟಿದ್ದು ಅದೇ ಊರಿನಲ್ಲಿ. 1851ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಅದನ್ನು ತಯಾರಿಸಿದ. ಸಬ್ಬಸಿಗೆ ಬೀಜದ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರು, ಜೊತೆಗೆ ಒಂದಿಷ್ಟು ಆಲ್ಕೋಹಾಲ್. ಅಫೀಮು ಇಲ್ಲದ್ದು ಎಂಬ ಕಾರಣಕ್ಕೇ ಅದು ಆ ಕಾಲದಲ್ಲಿ ದೊಡ್ಡ ಮಾತು. ಆಲ್ಕೋಹಾಲನ್ನು ಕೈಬಿಟ್ಟದ್ದು ಬಹಳ ತಡವಾಗಿ.

ಭಾರತಕ್ಕೆ ಇನ್ನೂ ಹತ್ತಿರದ್ದು ಕ್ಲೋರೋಡೈನ್. ಇಲ್ಲಿ ಸೇನಾ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ 1848ರ ಸುಮಾರಿಗೆ ಕಾಲರಾಕ್ಕೆಂದು ಕಲಸಿದ ಮದ್ದು ಅದು. ಅಫೀಮು, ಭಂಗಿಯ ಸಾರ, ಕ್ಲೋರೋಫಾರ್ಮ್. ಭೇದಿ ನಿಲ್ಲುತ್ತಿತ್ತು, ನೋವು ಅಡಗುತ್ತಿತ್ತು, ಹಾಗಾಗಿ ಇಂಗ್ಲಿಷರ ಪೆಟ್ಟಿಗೆಯಲ್ಲಿ ಅದಿಲ್ಲದ ಪ್ರಯಾಣವೇ ಇರಲಿಲ್ಲ. ಕೆಮ್ಮಿಗೆಂದು ಹನಿ ಲೆಕ್ಕದಲ್ಲಿ ಶುರು ಮಾಡಿ ಬಾಟಲಿ ಲೆಕ್ಕಕ್ಕೆ ಬಂದು ಚಟಕ್ಕೆ ಬಿದ್ದವರೂ ಬಹಳ. 1890ರ ದಶಕದ ಮೊಕದ್ದಮೆಗಳ ನಂತರವೇ ಅದರ ಮೇಲೆ ವಿಷ ಎಂಬ ಚೀಟಿ ಬಂದದ್ದು.

ಇನ್ನು ಚೆಲುವಿನ ಮದ್ದುಗಳು. ನರೆಗೂದಲಿಗೆ ಹಚ್ಚುವ ಎಷ್ಟೋ ದ್ರವಗಳಲ್ಲಿ ಇದ್ದದ್ದು ಸೀಸದ ಲವಣ. ಮುಖ ಬೆಳ್ಳಗಾಗಲು ಶಂಖಪಾಷಾಣ, ಅಂದರೆ ಆರ್ಸೆನಿಕ್, ಸೇರಿಸಿದ ಬಿಲ್ಲೆಗಳನ್ನು ಅಪಾಯವಿಲ್ಲ ಎಂದು ಹೇಳಿ ತಿನ್ನಿಸುತ್ತಿದ್ದರು. ಲಂಡನ್ನಿನ ನ್ಯೂ ಬಾಂಡ್ ಸ್ಟ್ರೀಟಿನಲ್ಲಿ ಮೇಡಂ ರೇಚಲ್ ಎಂದು ಹೆಸರಾದ ಸಾರಾ ರೇಚಲ್ ಲೆವರ್‌ಸನ್‌ಳ ಅಂಗಡಿ ಇತ್ತು. ಎಂದೆಂದಿಗೂ ಸುಂದರಿಯಾಗಿರಿ ಎಂಬುದು ಅವಳ ವಾಗ್ದಾನ. ಸಹಾರಾ ಮರುಭೂಮಿಯ ಅಯಸ್ಕಾಂತ ಬಂಡೆಯ ಮೇಲೆ ಬಿದ್ದ ಇಬ್ಬನಿ ಎಂದು ಹೇಳಿ ನೀರನ್ನು ಗಿನಿಗಳ ಲೆಕ್ಕದಲ್ಲಿ ಮಾರುತ್ತಿದ್ದಳು.

ಮೇರಿ ಬಾರಡೇಲ್ ಎಂಬ ವಿಧವೆ ಅವಳ ಕೈಗೆ ಸಿಕ್ಕಳು. ಆಕೆಯ ಗಂಡ ಭಾರತದಲ್ಲಿ ಸೇನಾಧಿಕಾರಿಯಾಗಿದ್ದವನು. ಒಬ್ಬ ಸಿರಿವಂತ ಲಾರ್ಡ್ ನಿನ್ನನ್ನು ಮೆಚ್ಚಿದ್ದಾನೆ, ಮದುವೆಯಾಗುತ್ತಾನೆ, ಅದಕ್ಕೆ ಮೊದಲು ನಿನ್ನನ್ನು ಸುಂದರಿ ಮಾಡಬೇಕು ಎಂದು ರೇಚಲ್ ನಂಬಿಸಿದಳು. ಲಾರ್ಡ್ ಬರೆದದ್ದೆಂದು ಸುಳ್ಳು ಓಲೆಗಳನ್ನು ಕೊಟ್ಟಳು. ಸಾವಿರಾರು ಪೌಂಡ್ ಹೋಯಿತು. 1868ರಲ್ಲಿ ರೇಚಲ್‌ಗೆ ಐದು ವರ್ಷದ ಕಠಿಣ ಸಜೆಯಾಯಿತು. ಆದರೆ ನ್ಯಾಯಾಲಯದಲ್ಲಿ, ಪತ್ರಿಕೆಗಳಲ್ಲಿ ಜನ ನಕ್ಕದ್ದು ಮೋಸ ಹೋದ ಹೆಂಗಸನ್ನು ನೋಡಿ. ಅವಳ ವಯಸ್ಸನ್ನು, ಮುಖಕ್ಕೆ ಬಳಿದ ಬಣ್ಣವನ್ನು ಆಡಿಕೊಂಡರು. ಬೇರೆ ಹೆಂಗಸರು ದೂರು ಕೊಡದೆ ಸುಮ್ಮನಿದ್ದದ್ದು ಇಂಥ ನಗೆಗೆ ಹೆದರಿ, ಮತ್ತು ರೇಚಲ್ ವ್ಯಾಪಾರ ನಡೆಸಿದ್ದು ಆ ಹೆದರಿಕೆಯ ಬಲದ ಮೇಲೆ.

ಹೆದರದೆ ನಿಂತವಳೂ ಒಬ್ಬಳಿದ್ದಳು. ಕರ್ನಾಟಕದ ಕಾನೂನು ಕಾಲೇಜುಗಳಲ್ಲಿ ಓದಿದವರಿಗೆ ಅವಳ ಹೆಸರು ಮೊದಲ ವರ್ಷದಿಂದಲೇ ಪರಿಚಯ: ಲೂಯಿಸಾ ಕಾರ್ಲಿಲ್. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬುದು ರಬ್ಬರಿನ ಚೆಂಡು, ಒಳಗೆ ಕಾರ್ಬಾಲಿಕ್ ಆಮ್ಲದ ಪುಡಿ, ಅದುಮಿದರೆ ಮೂಗಿಗೆ ಹೊಗೆಯಂತೆ ಏರುತ್ತಿತ್ತು. ಬೆಲೆ 10 ಶಿಲಿಂಗ್. ಎರಡು ವಾರ ದಿನಕ್ಕೆ ಮೂರು ಸಲ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ, ಇದಕ್ಕಾಗಿ ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಎಂದು 1891ರ ನವೆಂಬರ್‌ನಲ್ಲಿ ಕಂಪನಿ ಜಾಹೀರಾತು ಕೊಟ್ಟಿತು. ಕಾರ್ಲಿಲ್ ಹೇಳಿದಂತೆಯೇ ಬಳಸಿದಳು. 1892ರ ಜನವರಿ 17ರಂದು ಜ್ವರ ಬಂದೇ ಬಂತು. ದುಡ್ಡು ಕೇಳಿದರೆ ಕಂಪನಿ ಎರಡು ಕಾಗದಗಳಿಗೆ ಉತ್ತರ ಕೊಡಲಿಲ್ಲ. ನಂತರ, ನಮ್ಮ ಕಚೇರಿಗೆ ದಿನವೂ ಬಂದು ಕಾರ್ಯದರ್ಶಿಯ ಎದುರಿಗೆ ಬಳಸಿದ್ದರೆ ಮಾತ್ರ ಎಂದಿತು. ನ್ಯಾಯಾಲಯದಲ್ಲಿ, ಜಾಹೀರಾತಿನ ಮಾತನ್ನು ಯಾರಾದರೂ ನಿಜವೆಂದು ಹಿಡಿಯುತ್ತಾರೆಯೇ ಎಂದು ವಾದಿಸಿತು. ನ್ಯಾಯಮೂರ್ತಿಗಳಾದ ಲಿಂಡ್ಲಿ, ಬೋವೆನ್, ಸ್ಮಿತ್ ಮೂವರೂ ಒಪ್ಪಲಿಲ್ಲ: ಬ್ಯಾಂಕಿನಲ್ಲಿ ಹಣ ಇಟ್ಟಿದ್ದೇವೆ ಎಂದು ಹೇಳಿದವರು ಕೊಟ್ಟ ಮಾತಿಗೆ ಕಟ್ಟುಬೀಳಬೇಕು ಎಂದರು. ನನಗೆ ಈ ತೀರ್ಪು ಇಷ್ಟವಾಗುವುದು ಒಂದೇ ಕಾರಣಕ್ಕೆ. ಓದಿದ್ದನ್ನು ನಂಬಿದ್ದು ಆ ಹೆಂಗಸಿನ ತಪ್ಪು ಎಂದು ಅವರು ಹೇಳಲಿಲ್ಲ.

ಇಷ್ಟಾದರೂ ಗುಟ್ಟಿಗೆ ಧಕ್ಕೆ ಬರಲಿಲ್ಲ. ನಾನು ಮೊದಲು ಹೇಳಿದ 1909ರ ಪುಸ್ತಕದ ಜಾಹೀರಾತನ್ನು ಹಲವು ಪತ್ರಿಕೆಗಳು ಹಾಕಲು ಒಪ್ಪಲಿಲ್ಲ, ಗುಳಿಗೆಯ ಜಾಹೀರಾತಿನಿಂದ ಅವಕ್ಕೆ ಬರುತ್ತಿದ್ದ ಹಣ ಅಷ್ಟಿತ್ತು. 1912ರಲ್ಲಿ ಸಂಸತ್ತು ಹೆನ್ರಿ ನಾರ್ಮನ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಯಾರು ಏನನ್ನು ಬೇಕಾದರೂ ಕಲಸಿ, ಯಾವ ರೋಗಕ್ಕೆ ಬೇಕಾದರೂ ಮದ್ದೆಂದು ಮಾರಿದರೆ ತಡೆಯುವ ಶಕ್ತಿ ಈ ದೇಶದ ಕಾನೂನಿಗೆ ಇಲ್ಲ ಎಂಬರ್ಥದ ಮಾತನ್ನು ಆ ಸಮಿತಿ ಬರೆಯಿತು. ವರದಿ ಹೊರಬಂದದ್ದು 1914ರ ಆಗಸ್ಟ್ 4ರಂದು. ಅದೇ ದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ವರದಿ ಮೂಲೆ ಸೇರಿತು.

ಒಳಗೆ ಏನಿದೆ ಎಂದು ಡಬ್ಬಿಯ ಮೇಲೆ ಬರೆಯಲೇಬೇಕು ಎಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1941ರಲ್ಲಿ, ಇನ್ನೊಂದು ಮಹಾಯುದ್ಧದ ನಡುವೆ. ಆ ಕಾಯಿದೆಯೇ ಮುದ್ರೆಯ ತೆರಿಗೆಯನ್ನೂ ರದ್ದು ಮಾಡಿತು, ಮಧುಮೇಹ, ಕ್ಷಯ, ಮೂರ್ಛೆರೋಗಗಳಿಗೆ ಮದ್ದಿದೆ ಎಂದು ಜನರಿಗೆ ಜಾಹೀರಾತು ಕೊಡುವುದನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ ಅಂಥ ಜಾಹೀರಾತುಗಳನ್ನು ತಡೆಯುವ ಕಾಯಿದೆ ಬಂದದ್ದು 1954ರಲ್ಲಿ. ಅದರ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ, ಮಧುಮೇಹ ಇದೆ, ಬೊಜ್ಜು ಇದೆ, ಎತ್ತರ ಬೆಳೆಸುವ ಮಾತೂ ಇದೆ. ಆ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಮಧುಮೇಹವನ್ನು ಬೇರುಸಹಿತ ಕೀಳುತ್ತೇವೆ ಎಂಬ ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಬರೆಯಬಹುದು. ದಯವಿಟ್ಟು ಬರೆಯಿರಿ.

ನಮಸ್ಕಾರ.