ಸೊಸೈಟಿಯಲ್ಲಿ ಕಟ್ಟಿದ ದುಡ್ಡು

ಕೇಳುಗರೇ, ನಮಸ್ಕಾರ.

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ನೋಡಿರುತ್ತೀರಿ. ಯಾರು ಎಷ್ಟು ಕೊಟ್ಟರು ಅಂತ ಹೆಸರು ಸಮೇತ ಬರೆದಿಡುತ್ತಾರೆ. ನಾಳೆ ಅವರ ಮನೆ ಮದುವೆಗೆ ಅಷ್ಟಾದರೂ ವಾಪಸ್ ಹಾಕಬೇಕಲ್ಲ! ನಮ್ಮೂರಿನ ಹಿರಿಯರೊಬ್ಬರು ಆರೋಗ್ಯ ವಿಮೆಯನ್ನೂ ಹೀಗೇ ತಿಳಿದಿದ್ದರು. ಸೊಸೈಟಿಯಲ್ಲಿ, ಅಂದರೆ ಊರಿನ ಸಹಕಾರ ಸಂಘದಲ್ಲಿ, ರೈತರ ಆರೋಗ್ಯ ವಿಮೆ ಯಶಸ್ವಿನಿಗೆ ದುಡ್ಡು ಕಟ್ಟಿದರು. ವರ್ಷ ಕಳೆದ ಮೇಲೆ ಸೆಕ್ರೆಟರಿಯ ಮುಂದೆ ನಿಂತು, "ನನಗೇನೂ ಕಾಯಿಲೆ ಬರಲಿಲ್ಲವಲ್ಲಪ್ಪಾ, ನನ್ನ ದುಡ್ಡು ಕೊಡು" ಅಂದರಂತೆ.

ನಗು ಬರುತ್ತದೆ. ಆದರೆ ಪಟ್ಟಣದಲ್ಲಿ ಸಾವಿರಗಟ್ಟಲೆ ಪ್ರೀಮಿಯಂ ಕಟ್ಟುವವರೂ ಒಳಗೊಳಗೆ ಇದನ್ನೇ ಕೇಳಿಕೊಳ್ಳುತ್ತಾರೆ, ಅಲ್ವಾ?

ಆ ದುಡ್ಡು ಇನ್ಯಾರದೋ ಆಪರೇಷನ್‌ಗೆ ಹೋಗಿರುತ್ತದೆ. 2003ರಲ್ಲಿ ಯಶಸ್ವಿನಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಅಂದರೆ ತಿಂಗಳಿಗೆ 5 ರೂಪಾಯಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರು ಇದರ ಹಿಂದೆ ಇದ್ದರು. ಕಟ್ಟುವವರು ಲಕ್ಷಗಟ್ಟಲೆ, ಆಪರೇಷನ್ ಬೇಕಾಗುವವರು ಕೆಲವರು. ಲೆಕ್ಕ ಇಷ್ಟೇ. ನನಗೆ ಮೆಚ್ಚುಗೆಯಾಗುವುದು ಇನ್ನೊಂದು ಸಂಗತಿ. ಸಹಕಾರ ಸಂಘಗಳಲ್ಲಿ ಸದಸ್ಯರ ಪಟ್ಟಿ ಮೊದಲೇ ಇತ್ತು, ದುಡ್ಡು ಎತ್ತುವ ಸೆಕ್ರೆಟರಿಯೂ ಇದ್ದರು. ಮನೆಮನೆಗೆ ಏಜೆಂಟರು ಅಲೆಯಬೇಕಾಗಲಿಲ್ಲ.

ಆದರೂ ರೈತರು ಕಟ್ಟಿದ್ದಷ್ಟೇ ಸಾಲಲಿಲ್ಲ. ಸರ್ಕಾರವೂ ಸೇರಿಸಬೇಕಾಯಿತು. 2018ರಲ್ಲಿ ಯಶಸ್ವಿನಿ ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಅನ್ನುವ ಯೋಜನೆಯೊಳಗೆ ಸೇರಿಹೋಯಿತು, 2022ರ ಕೊನೆಗೆ ಮತ್ತೆ ಬಂತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಇಟ್ಟರು, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ಎದೆನೋವು ಬಂದವರು ಮಾತ್ರ ಓಡಿಬಂದು ಕಟ್ಟಿದರೆ ಯಾವ ಹುಂಡಿಯೂ ಉಳಿಯುವುದಿಲ್ಲ. ಅದಕ್ಕೇ ವಿಮಾ ಕಂಪನಿಗಳು ಮೊದಲೇ ಇದ್ದ ಕಾಯಿಲೆಗೆ ಒಂದಷ್ಟು ಕಾಲ ಕಾಯಿಸುತ್ತವೆ. 2024ರ ನಿಯಮದ ಪ್ರಕಾರ 3 ವರ್ಷಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ. ಇದು ನ್ಯಾಯ ಅನ್ನೋಣ. ಆದರೆ ಆಸ್ಪತ್ರೆ ರೂಮಿನ ಬಾಡಿಗೆಯ ಷರತ್ತು ಇದೆಯಲ್ಲ, ಅದು ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಪಾಲಿಸಿಯಲ್ಲಿ ದಿನಕ್ಕೆ 5,000 ಅಂತಿದ್ದು, ನೀವು 10,000ದ ರೂಮು ಹಿಡಿದಿರಿ ಅನ್ನಿ. ಬಾಡಿಗೆ ಅರ್ಧ ಕತ್ತರಿಸುತ್ತಾರೆ, ಸರಿ. ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಷನ್ ಖರ್ಚೂ ಅರ್ಧವೇ ಸಿಗುತ್ತದೆ. ಅಡ್ಮಿಟ್ ಆಗುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ.

ಹಾಗಾದರೆ ಖರ್ಚು ಯಾರು ಹೊರಬೇಕು? ಆಪರೇಷನ್‌ನಂಥ ಅಪರೂಪದ ದೊಡ್ಡ ಹೊಡೆತಕ್ಕೆ ಎಲ್ಲರೂ ಸೇರಿ ಹುಂಡಿ ತುಂಬುವುದು ಸರಿ. ಬಿಪಿ, ಶುಗರ್ ಮಾತ್ರೆ ಅಪರೂಪವಲ್ಲ, ಅದು ತಿಂಗಳ ಖರ್ಚು. ಅದಕ್ಕೆ ವಿಮೆಯನ್ನು ಕಾಯುತ್ತ ಕೂರಬಾರದು. ನಮ್ಮ ತೆರಿಗೆ ದುಡ್ಡಿನಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬೇಕು. ವಿಮೆ ಕಾರ್ಡು ಹಂಚಿ, ಔಷಧಿ ಕಪಾಟು ಖಾಲಿ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ ಅಂತ ನನ್ನ ಅನಿಸಿಕೆ.

ನಮ್ಮೂರಿನ ಆ ಹಿರಿಯರು ಈಗಲೂ ತಪ್ಪದೆ ದುಡ್ಡು ಕಟ್ಟುತ್ತಾರೆ. ವಾಪಸ್ ಕೇಳುವುದಿಲ್ಲ. ಶುಗರ್ ಮಾತ್ರೆಗೆ ಮಾತ್ರ ತಿಂಗಳಿಗೊಮ್ಮೆ ಬಸ್ಸು ಹತ್ತಿ ಪೇಟೆಯ ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ. ಕೈಯಲ್ಲಿದ್ದ ದುಡ್ಡಿಗೆ ತಕ್ಕಂತೆ ಒಮ್ಮೆ ಪೂರ್ತಿ ಶೀಟು, ಒಮ್ಮೆ ಅರ್ಧ.

ನಮಸ್ಕಾರ.